ಭದ್ರಾ ನಾಲೆಯ ಕೊನೆಭಾಗದಿಂದ ರಾಯಭಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಮೆರಿಕ, ರಷ್ಯಾ, ಚೀನಾ ಮತ್ತು ಐರೋಪ್ಯ ಒಕ್ಕೂಟದ ಮಾನ್ಯ ರಾಯಭಾರಿಗಳು,
ನವದೆಹಲಿ.

ಪ್ರತಿ: ಮಾನ್ಯ ವಿದೇಶಾಂಗ ಸಚಿವರು, ಭಾರತ ಸರ್ಕಾರ.

ವಿಷಯ: ನಿಮ್ಮ ದೇಶಗಳು ಒಂದರ ಮೇಲೊಂದು ಹೇರುವ ದಿಗ್ಬಂಧನ ಮತ್ತು ರಫ್ತು ನಿರ್ಬಂಧಗಳಿಂದ ಗೊಬ್ಬರವನ್ನು ನಿಜವಾಗಿ ಹೊರಗಿಡುವ ಕುರಿತು.

ಮಾನ್ಯರೇ,

ನಾನು ದಾವಣಗೆರೆ ತಾಲ್ಲೂಕಿನ ಒಬ್ಬ ರೈತ. ಮೂರು ಎಕರೆ ಖುಷ್ಕಿಯಲ್ಲಿ ಮೆಕ್ಕೆಜೋಳ ಬೆಳೆಯುತ್ತೇನೆ. ಭದ್ರಾ ನಾಲೆಯ ಕೊನೆಭಾಗದಲ್ಲಿ ಒಂದೂವರೆ ಎಕರೆ ಗದ್ದೆಯಿದೆ. ನೀರು ಬಂದ ವರ್ಷ ಭತ್ತ, ಬಾರದ ವರ್ಷ ಬೀಳು. 24 ವರ್ಷ ನಮ್ಮ ಭಾಗದ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು 2023ರಲ್ಲಿ ನಿವೃತ್ತನಾದೆ. ಊರವರು ಅದನ್ನು ಸೊಸೈಟಿ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಗೊಬ್ಬರ ಕೊಡುವ ಕಿಟಕಿಯ ಒಳಗೆ ಅಷ್ಟು ವರ್ಷ ಕುಳಿತಿದ್ದೆ, ಈಗ ಅದೇ ಕಿಟಕಿಯ ಹೊರಗೆ ಸಾಲಿನಲ್ಲಿ ನಿಲ್ಲುತ್ತೇನೆ. ನಿಮ್ಮ ದೇಶಗಳ ನಡುವಿನ ಜಗಳ ದಾಸ್ತಾನು ಪುಸ್ತಕದ ಯಾವ ಕಾಲಂನಲ್ಲಿ ಬಂದು ಕೂರುತ್ತದೆ ಎಂಬುದನ್ನು ಎರಡೂ ಕಡೆಯಿಂದ ಕಂಡಿದ್ದೇನೆ. ಆ ಕಾರಣಕ್ಕೆ ಈ ಪತ್ರ.

ಕೊನೆಭಾಗ ಎಂದರೇನು ಎಂಬುದನ್ನು ಮೊದಲು ಹೇಳಬೇಕು. ಭದ್ರಾ ಜಲಾಶಯ ಇರುವುದು ಲಕ್ಕವಳ್ಳಿಯ ಬಳಿ. ಅಲ್ಲಿ ಬಿಟ್ಟ ನೀರು ನಮ್ಮ ಗದ್ದೆ ಮುಟ್ಟಲು ಹಲವು ದಿನ ಬೇಕು. ಮೇಲ್ಭಾಗದಲ್ಲಿ ಇಬ್ಬರು ತೂಬಿನ ವಿಷಯಕ್ಕೆ ಕಾದಾಡಿ, ಒಬ್ಬ ಇನ್ನೊಬ್ಬನ ಮೇಲಿನ ಸಿಟ್ಟಿಗೆ ನೀರಿಗೆ ಅಡ್ಡ ಕಟ್ಟಿದರೆ ಅವರಿಬ್ಬರ ಗದ್ದೆಗೂ ಏನೂ ಆಗುವುದಿಲ್ಲ. ಬಿರುಕು ಬಿಡುವುದು ನಮ್ಮ ಗದ್ದೆ. ಇಷ್ಟಾದರೂ ನಾಲೆ ಬಂದ್ ಮಾಡುವ ಮೊದಲು ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ. ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎಂದು ದಿನಾಂಕ ಪ್ರಕಟಿಸುತ್ತದೆ. ಆ ದಿನಾಂಕ ನೋಡಿಕೊಂಡು ಸಸಿಮಡಿ ಹಾಕುವುದೋ ಬಿಡುವುದೋ ಎಂದು ನಾವು ತೀರ್ಮಾನಿಸುತ್ತೇವೆ. ಜಗತ್ತಿನ ಗೊಬ್ಬರದ ನಾಲೆಯಲ್ಲೂ ನಾವು ಕೊನೆಭಾಗದವರೇ. ಅಲ್ಲಿನ ತೂಬುಗಳು ನಿಮ್ಮ ಕೈಯಲ್ಲಿವೆ, ಆದರೆ ನಮಗೆ ದಿನಾಂಕ ಹೇಳುವವರಿಲ್ಲ.

ಬೆಳೆಯ ದಂಟಿಗೆ ಕಸುವು ಕೊಡುವ ಪೊಟ್ಯಾಷ್ ಗೊಬ್ಬರದ ವಿಷಯದಿಂದ ಆರಂಭಿಸುತ್ತೇನೆ. ನಮ್ಮ ದೇಶದಲ್ಲಿ ಪೊಟ್ಯಾಷ್ ಗಣಿ ನಡೆಯುತ್ತಿಲ್ಲ, ಬೇಕಾದದ್ದು ಹಡಗಿನಲ್ಲಿ ಬರಬೇಕು. ಜಗತ್ತಿಗೆ ಅದನ್ನು ಹೆಚ್ಚಾಗಿ ಒದಗಿಸುವವರು ಮೂವರು: ಕೆನಡಾ, ರಷ್ಯಾ, ಬೆಲಾರೂಸ್. 2020ರ ಆಗಸ್ಟ್‌ನಲ್ಲಿ ಬೆಲಾರೂಸ್‌ನಲ್ಲಿ ಚುನಾವಣೆ ನಡೆಯಿತು. ಅದು ಅಕ್ರಮವೆಂದು ಬೀದಿಗಿಳಿದ ಜನರನ್ನು ಅಲ್ಲಿನ ಸರ್ಕಾರ ಬಡಿದು ಜೈಲಿಗೆ ತಳ್ಳಿತು. ಮರುವರ್ಷ ಮೇ ತಿಂಗಳಲ್ಲಿ ಒಬ್ಬ ಪತ್ರಕರ್ತನನ್ನು ಹಿಡಿಯುವುದಕ್ಕಾಗಿ ಪ್ರಯಾಣಿಕರಿದ್ದ ವಿಮಾನವನ್ನೇ ರಾಜಧಾನಿ ಮಿನ್ಸ್ಕ್‌ನಲ್ಲಿ ಇಳಿಸಿತು. ಐರೋಪ್ಯ ಒಕ್ಕೂಟ ಜೂನ್‌ನಲ್ಲಿ, ಅಮೆರಿಕ ಆಗಸ್ಟ್‌ನಲ್ಲಿ ಆ ದೇಶದ ಪೊಟ್ಯಾಷ್ ವ್ಯಾಪಾರದ ಮೇಲೆ ದಿಗ್ಬಂಧನ ಹಾಕಿದವು. ಬೆಲಾರೂಸ್‌ಗೆ ಸಮುದ್ರವಿಲ್ಲ. ಅಲ್ಲಿನ ಸರಕು ಲಿಥುವೇನಿಯಾದ ರೈಲಿನಲ್ಲಿ ಕ್ಲೈಪೆಡಾ ಬಂದರಿಗೆ ಹೋಗಿ ಹಡಗು ಹತ್ತುತ್ತಿತ್ತು. 2022ರ ಫೆಬ್ರುವರಿ 1ರಿಂದ ಆ ರೈಲು ನಿಂತಿತು. ಅದೇ ತಿಂಗಳ 24ರಂದು ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋಯಿತು. ಮೂವರು ಮಾರಾಟಗಾರರಲ್ಲಿ ಇಬ್ಬರ ದಾರಿಗೆ ಒಂದೇ ತಿಂಗಳಲ್ಲಿ ಅಡ್ಡಿ ಬಿತ್ತು. ಹಿಂದಿನ ವರ್ಷ ಭಾರತ ಟನ್ನಿಗೆ 280 ಡಾಲರ್ ಕೊಟ್ಟು ತರಿಸಿದ್ದ ಪೊಟ್ಯಾಷ್‌ನ ಒಪ್ಪಂದದ ದರ 590 ಡಾಲರ್‌ಗೆ ಏರಿತು.

ಆ ಡಾಲರ್ ಲೆಕ್ಕ ನಮ್ಮ ಕಿಟಕಿಗೆ ಬಂದದ್ದು ಮೃಗಶಿರಾ ಮಳೆಯ ಹೊತ್ತಿಗೆ. ಚೀಲಕ್ಕೆ 1,700 ರೂಪಾಯಿ ಎಂದು ಫಲಕದ ಮೇಲೆ ಸೀಮೆಸುಣ್ಣದಲ್ಲಿ ಬರೆದವನು ನಾನೇ. ಗಂಡನನ್ನು ಕಳೆದುಕೊಂಡು ಒಬ್ಬಳೇ ಬೇಸಾಯ ಮಾಡುವ ತಾಯಿಯೊಬ್ಬಳು ಬಂದಳು. ಪಾಸ್‌ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯೊಳಗೆ ನೋಟು ಮಡಿಸಿಟ್ಟುಕೊಂಡು ಬರುವುದು ಅವಳ ರೂಢಿ. ನೋಟುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬೋರ್ಡು ನೋಡಿ, ಮತ್ತೆ ಎಣಿಸಿದಳು. "ಅಣ್ಣಾ, ಮೊದಲು ಈ ದುಡ್ಡಿಗೆ ಎರಡು ಚೀಲ ಬರುತ್ತಿತ್ತಲ್ಲ" ಎಂದಳು. "ದರ ನಾನು ಮಾಡಿದ್ದಲ್ಲ ತಾಯಿ, ಹೊರದೇಶಗಳ ಜಗಳದಿಂದ ಹೀಗಾಗಿದೆ" ಎಂದೆ. "ಯಾರ ಜಗಳ?" ಎಂದು ಕೇಳಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಬೆಲಾರೂಸ್ ಎಂಬ ಹೆಸರನ್ನು ನಾನು ಅವಳಿಗೆ ಹೇಗೆ ಬಿಡಿಸಿ ಹೇಳಲಿ? ಅವಳು ಯೂರಿಯಾ ಮಾತ್ರ ತೆಗೆದುಕೊಂಡು, ಉಳಿದ ನೋಟುಗಳನ್ನು ಮತ್ತೆ ಆ ಹೊದಿಕೆಗೆ ಸೇರಿಸಿ ಹೋದಳು.

ಆಗಸ್ಟ್‌ನಲ್ಲಿ ಅವಳ ಹೊಲದ ಬದುವಿನ ಮೇಲೆ ಹೋಗುವಾಗ ನಿಂತು ನೋಡಿದೆ. ಬುಡದ ಎಲೆಗಳ ಅಂಚು ತುದಿಯಿಂದ ಕಂದಿ, ಬೆಂಕಿ ತಾಗಿದ ಕಾಗದದಂತೆ ಕಂದುಬಣ್ಣವಾಗಿತ್ತು. ನಡುವಿನ ನರ ಮಾತ್ರ ಹಸಿರು. ಬೆರಳಲ್ಲಿ ಹಿಡಿದರೆ ಆ ಅಂಚು ಪುಡಿಯಾಗಿ ಉದುರುತ್ತಿತ್ತು. ಪೊಟ್ಯಾಷ್ ಕಾಣದ ಮೆಕ್ಕೆಜೋಳದ ಗುರುತು ಅದು. ಅಂಥ ಬೆಳೆಯ ದಂಟಿಗೆ ಕಸುವಿರುವುದಿಲ್ಲ, ಗಾಳಿ ಸಹಿತ ಮಳೆ ಬಂದರೆ ಸಾಲುಸಾಲಾಗಿ ಮಲಗುತ್ತದೆ. ಮಲಗಿತು ಕೂಡ. ಕೊಯ್ಲಿನಲ್ಲಿ ಸುಲಿದಾಗ ತೆನೆಯ ತುದಿಯಲ್ಲಿ ಎರಡು ಬೆರಳಗಲ ಕಾಳೇ ಕಟ್ಟಿರಲಿಲ್ಲ. ಮಿನ್ಸ್ಕ್‌ನಲ್ಲಿ ಯಾರನ್ನು ಶಿಕ್ಷಿಸಬೇಕೆಂದು ನೀವು ಹೊರಟಿದ್ದಿರೋ ಅವರಿಗೆ ತಟ್ಟಿದ್ದು ಎಷ್ಟು ಎಂಬುದನ್ನು ನೀವೇ ಹೇಳಬೇಕು. ಅವಳಿಗೆ ತಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಮಾತು ನಮ್ಮಲ್ಲಿದೆ.

ಗೊಬ್ಬರಕ್ಕೆ ವಿನಾಯಿತಿ ಕೊಟ್ಟಿದ್ದೆವಲ್ಲ ಎಂದು ಅಮೆರಿಕ ಮತ್ತು ಐರೋಪ್ಯ ಒಕ್ಕೂಟದ ರಾಯಭಾರಿಗಳು ಹೇಳಬಹುದು. ರಷ್ಯಾದ ವಿಷಯದಲ್ಲಿ ಅದು ನಿಜ. 2022ರ ಮಾರ್ಚ್‌ನಲ್ಲೇ ಅಮೆರಿಕದ ಖಜಾನೆ ಇಲಾಖೆ ಕೃಷಿ ಸರಕು ಮತ್ತು ಗೊಬ್ಬರದ ವ್ಯವಹಾರಕ್ಕೆ ಸಾಮಾನ್ಯ ಪರವಾನಗಿ ನೀಡಿತ್ತು. ಆದರೆ ಪರವಾನಗಿ ಹಡಗು ನಡೆಸುವುದಿಲ್ಲ. ಹಡಗಿನವನಿಗೆ ವಿಮೆ ಬೇಕು. ವಿಮೆಯವನಿಗೆ ತನ್ನ ಮೇಲೆ ನಾಳೆ ದಂಡ ಬೀಳುವುದಿಲ್ಲವೆಂಬ ಭರವಸೆ ಬೇಕು. ಹಣ ದಾಟಿಸಲು ಬ್ಯಾಂಕು ಬೇಕು. ಆ ಬ್ಯಾಂಕು ಬೆಲ್ಜಿಯಂನಲ್ಲಿ ಕಚೇರಿಯಿರುವ, ದೇಶ ದೇಶಗಳ ಬ್ಯಾಂಕುಗಳು ಹಣ ದಾಟಿಸುವ ಸಂದೇಶ ಕಳಿಸುವ ಸ್ವಿಫ್ಟ್ ಜಾಲದಲ್ಲಿರಬೇಕು. ಕೃಷಿ ವ್ಯವಹಾರ ನೋಡಿಕೊಳ್ಳುತ್ತಿದ್ದ ರಷ್ಯಾದ ಬ್ಯಾಂಕನ್ನೇ 2022ರ ಜೂನ್‌ನಲ್ಲಿ ಆ ಜಾಲದಿಂದ ಹೊರಹಾಕಲಾಯಿತು. ಗೊಬ್ಬರ ಕೊಳ್ಳಬಹುದು, ದುಡ್ಡು ಕಳಿಸುವಂತಿಲ್ಲ ಎಂದರೆ ಕೊಳ್ಳುವುದು ಹೇಗೆ?

ಈ ಸ್ಥಿತಿ ನನಗೆ ಹೊಸದಲ್ಲ. ನನ್ನ ಮೇಜಿನ ಮೇಲೆ ಇಲಾಖೆಯ ಹಂಚಿಕೆ ಪತ್ರ ಇರುತ್ತಿತ್ತು: ಇಂತಿಷ್ಟು ಟನ್ ನಿಮ್ಮ ಸಂಘಕ್ಕೆ ಮಂಜೂರಾಗಿದೆ ಎಂದು, ಮೊಹರಿನ ಸಮೇತ. ದಾವಣಗೆರೆಯ ಗೂಡ್ಸ್ ಶೆಡ್‌ಗೆ ಮಂಗಳೂರಿನಿಂದ ಗೊಬ್ಬರದ ಗೂಡ್ಸ್ ರೈಲು ಮಾತ್ರ ಬಂದಿರುತ್ತಿರಲಿಲ್ಲ. ಆ ಪತ್ರವನ್ನು ತೋರಿಸಿ ರೈತನನ್ನು ಮನೆಗೆ ಕಳಿಸಲು ಎಷ್ಟೋ ಸಲ ನೋಡಿದ್ದೇನೆ. ಆತ ಕಾಗದ ನೋಡುವುದಿಲ್ಲ, ನನ್ನ ಭುಜದ ಮೇಲಿಂದ ಗೋದಾಮಿನ ಬಾಗಿಲ ಕಡೆ ನೋಡುತ್ತಾನೆ.

2022ರಲ್ಲಿ ರಷ್ಯಾದ ಕಂಪನಿಯೊಂದಕ್ಕೆ ಸೇರಿದ ಸುಮಾರು 2,60,000 ಟನ್ ಗೊಬ್ಬರ ಯುರೋಪಿನ ಬಂದರು, ಗೋದಾಮುಗಳಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತಾ ಬಿದ್ದಿತ್ತು. ಅದನ್ನು ಬಡ ದೇಶಗಳಿಗೆ ಉಚಿತವಾಗಿ ಕೊಡುತ್ತೇವೆಂದು ಆ ಕಂಪನಿ ಹೇಳಿದ ಮೇಲೂ, ವಿಶ್ವಸಂಸ್ಥೆ ನಡುವೆ ನಿಂತು ಮಾತಾಡಿದ ಮೇಲೂ, ಮೊದಲ 20,000 ಟನ್ ಹೊತ್ತ ಹಡಗು ನೆದರ್ಲೆಂಡ್ಸ್‌ನಿಂದ ಆಫ್ರಿಕಾದ ಮಲಾವಿಗೆಂದು ಹೊರಟಿದ್ದು ನವೆಂಬರ್ ಕೊನೆಯಲ್ಲಿ. ಸುದ್ದಿ ಓದಿದ ದಿನ ಹಳೆಯ ಅಭ್ಯಾಸದಿಂದ ಚೀಲದ ಲೆಕ್ಕ ಹಾಕಿದೆ. 2,60,000 ಟನ್ ಎಂದರೆ 50 ಕೆಜಿಯ 52 ಲಕ್ಷ ಚೀಲ. ನಮ್ಮ ಸೊಸೈಟಿಯ ಗೋದಾಮಿನಲ್ಲಿ ಒತ್ತೊತ್ತಾಗಿ ಪೇರಿಸಿದರೆ 2,000 ಚೀಲ ಹಿಡಿಯುತ್ತದೆ. ಅಂಥ 2,600 ಗೋದಾಮು ತುಂಬುವಷ್ಟು ಗೊಬ್ಬರ, ವಿನಾಯಿತಿ ಇದ್ದಾಗಲೂ, ಕದಲಲಿಲ್ಲ.

ನನಗೆ ಹೆಚ್ಚು ನೋವು ತಂದಿರುವುದು ಇನ್ನೊಂದು ಸಂಗತಿ. ರೈತನಿಗೆ ಸಮಯ ಬೇಕೆಂಬುದು ನಿಮಗೆ ತಿಳಿಯದ ವಿಷಯವೇನಲ್ಲ, ನಿಮ್ಮ ನಿಮ್ಮ ರೈತರ ಮಟ್ಟಿಗೆ ಚೆನ್ನಾಗಿಯೇ ತಿಳಿದಿದೆ. 2025ರ ಮಾರ್ಚ್‌ನಲ್ಲಿ ಅಮೆರಿಕ ಕೆನಡಾದ ಸರಕಿನ ಮೇಲೆ ಶೇ 25ರಷ್ಟು ಸುಂಕ ಹಾಕಿತು. ಬಿತ್ತನೆ ಹತ್ತಿರವಿದ್ದ ತನ್ನ ರೈತರು ಗಾಬರಿಯಾದ ಕೂಡಲೇ, ಕೆಲವೇ ದಿನಗಳಲ್ಲಿ, ಪೊಟ್ಯಾಷ್ ಮೇಲಿನ ಸುಂಕವನ್ನು ಶೇ 10ಕ್ಕೆ ಇಳಿಸಿತು. ಐರೋಪ್ಯ ಒಕ್ಕೂಟ ರಷ್ಯಾ ಮತ್ತು ಬೆಲಾರೂಸ್‌ನ ಗೊಬ್ಬರದ ಮೇಲೆ 2025ರ ಜುಲೈ 1ರಿಂದ ಸುಂಕ ಏರಿಸಿದಾಗ ಒಮ್ಮೆಗೇ ಏರಿಸಲಿಲ್ಲ. ತನ್ನ ರೈತರು ಬೇರೆ ದಾರಿ ಹುಡುಕಿಕೊಳ್ಳಲಿ ಎಂದು ಮೂರು ವರ್ಷಗಳ ಮೆಟ್ಟಿಲು ಕಟ್ಟಿತು. ಚೀನಾ 2021ರ ಅಕ್ಟೋಬರ್‌ನಿಂದ ಗೊಬ್ಬರದ ರಫ್ತಿಗೆ ತಪಾಸಣೆಯ ಬೇಲಿ ಹಾಕಿದ್ದು ತನ್ನ ದೇಶದೊಳಗೆ ಬೆಲೆ ಏರದಿರಲಿ ಎಂದು. ಅದೇ ಡಿಸೆಂಬರ್‌ನಲ್ಲಿ ರಷ್ಯಾ ರಫ್ತಿಗೆ ಮಿತಿ ಹಾಕಿದ್ದೂ ಅದೇ ಕಾರಣಕ್ಕೆ. ಇವುಗಳಲ್ಲಿ ಒಂದನ್ನೂ ನಾನು ತಪ್ಪೆನ್ನುವುದಿಲ್ಲ. ತನ್ನ ರೈತನನ್ನು ಕಾಯುವುದು ಸರ್ಕಾರದ ಧರ್ಮ. ಅಮೆರಿಕದ ಅಯೋವಾ ರಾಜ್ಯದ ಮೆಕ್ಕೆಜೋಳಕ್ಕೆ ಕೆಲವೇ ದಿನಗಳಲ್ಲಿ ಕೊಟ್ಟ ರಿಯಾಯಿತಿ, ಪೋಲೆಂಡಿನ ಗೋಧಿಗೆ ಕೊಟ್ಟ ಮೂರು ವರ್ಷದ ಅವಧಿ, ಆನಗೋಡು, ಮಾಯಕೊಂಡ, ಜಗಳೂರಿನ ಹೊಲಗಳಿಗೆ ಏಕೆ ಇಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ರಷ್ಯಾದ ರಾಯಭಾರಿಗಳೇ, ಇಷ್ಟು ಓದಿ ಈ ರೈತ ನಮ್ಮ ಪರವಾಗಿದ್ದಾನೆ ಎಂದುಕೊಳ್ಳಬೇಡಿ. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ನಿಮ್ಮ ಸೇನೆಯ ದಾಳಿಗೆ ನಮ್ಮ ನೆರೆಯ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಸತ್ತ. ತಿನ್ನುವ ಸಾಮಾನು ತರಲು ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದ ಹುಡುಗ. ಆತನ ದೇಹ ಊರು ಮುಟ್ಟಲು ಮೂರು ವಾರ ಹಿಡಿಯಿತು. ಹೆತ್ತವರು ಅಂತಿಮ ವಿಧಿ ಮುಗಿಸಿ, ಮಗ ಓದಬೇಕೆಂದಿದ್ದ ವಿದ್ಯೆಗೇ ಸಲ್ಲಲಿ ಎಂದು ಆ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಅಂದು ನಾನು ಪೇಟೆಯಲ್ಲಿದ್ದೆ. ರಸ್ತೆಬದಿಯಲ್ಲಿ ನಿಂತವರು ಮಾತಾಡುತ್ತಿರಲಿಲ್ಲ. ಇನ್ನೊಂದು ದೇಶದ ಗಡಿ ದಾಟಿ ಹೋದ ಯುದ್ಧವನ್ನು ನಾನು ಯಾವ ಮಾತಿನಲ್ಲೂ ಸಮರ್ಥಿಸಲಾರೆ. ಅದಕ್ಕೆ ಶಿಕ್ಷೆ ಬೇಕು ಎಂಬುದನ್ನೂ ಒಪ್ಪುತ್ತೇನೆ. ಬಾಂಬಿಗೆ ಬಾಂಬು ಹಾಕುವುದಕ್ಕಿಂತ ವ್ಯಾಪಾರ ನಿಲ್ಲಿಸುವುದು ಮೇಲು ಎಂಬ ವಾದದಲ್ಲಿ ಹುರುಳಿದೆ. ನಾನು ಕೇಳುತ್ತಿರುವುದು ಯಾವುದನ್ನು ನಿಲ್ಲಿಸುತ್ತೀರಿ, ಯಾವಾಗ ನಿಲ್ಲಿಸುತ್ತೀರಿ ಎಂಬುದನ್ನು ಮಾತ್ರ.

ನಿಮ್ಮ ಯುದ್ಧದ ಬಿಸಿ ನಮ್ಮ ಪೇಟೆಯ ಬಾಣಲೆಗೂ ತಟ್ಟಿತು. ಭಾರತಕ್ಕೆ ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ಬರುತ್ತಿದ್ದುದು ಉಕ್ರೇನ್‌ನಿಂದ. ಆ ಮಾರ್ಚ್‌ನಲ್ಲಿ ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯವರು ದಿನಕ್ಕೊಂದು ದರಕ್ಕೆ ಎಣ್ಣೆ ಡಬ್ಬಿ ಕೊಂಡರು. ಜುಲೈನಲ್ಲಿ ಇಸ್ತಾಂಬುಲ್‌ನಲ್ಲಿ ಕಪ್ಪು ಸಮುದ್ರದ ಒಪ್ಪಂದವಾಗಿ ಧಾನ್ಯದ ಹಡಗುಗಳು ಹೊರಟವು. ಒಂದು ವರ್ಷದಲ್ಲಿ ಸುಮಾರು 3.3 ಕೋಟಿ ಟನ್ ಆಹಾರ ಸರಕು ಅದರಡಿ ಸಾಗಿತು. 2023ರ ಜುಲೈ 17ರಂದು ನೀವು ಅದರಿಂದ ಎದ್ದು ಹೋದಿರಿ. ನಿಮ್ಮ ಗೊಬ್ಬರದ ರಫ್ತಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಎಂಬ ನಿಮ್ಮ ದೂರಿನಲ್ಲಿ ಸತ್ಯವಿರಬಹುದು. ಅದಕ್ಕಾಗಿ ಊಟದ ಹಡಗುಗಳನ್ನು ಒತ್ತೆ ಇಟ್ಟುಕೊಂಡಿದ್ದು ಸರಿಯಾಗಲಿಲ್ಲ.

ಚೀನಾದ ರಾಯಭಾರಿಗಳೇ, ಇನ್ನು ನಿಮ್ಮಲ್ಲಿ ಒಂದು ಮಾತು. 2025ರಲ್ಲಿ ಮುಂಗಾರು ಮೇ ತಿಂಗಳಲ್ಲೇ ಕೇರಳಕ್ಕೆ ಕಾಲಿಟ್ಟಿತು. ನಮ್ಮಲ್ಲಿಯೂ ಹದ ಬೇಗ ಸಿಕ್ಕು ಎಲ್ಲರೂ ಒಟ್ಟಿಗೆ ಮೆಕ್ಕೆಜೋಳ ಬಿತ್ತಿದರು. ಜುಲೈನಲ್ಲಿ ಎಡೆಕುಂಟೆ ಹೊಡೆದು ಮೇಲುಗೊಬ್ಬರ ಹಾಕುವ ಹೊತ್ತಿಗೆ ಯೂರಿಯಾ ಇಲ್ಲ. 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆಯ ಯೂರಿಯಾಕ್ಕಾಗಿ ಬೆಳಗಿನ ಜಾವ ನಾಲ್ಕಕ್ಕೆ ಹೋದರೂ ನನ್ನ ಮುಂದೆ ಚಪ್ಪಲಿ, ಕಲ್ಲು, ಕಲ್ಲಿನ ಕೆಳಗೆ ಪಹಣಿಯ ಜೆರಾಕ್ಸ್ ಇವುಗಳ ಸಾಲು ಆಗಲೇ ರಸ್ತೆ ಮುಟ್ಟಿತ್ತು. ನನ್ನ ಮುಂದಿದ್ದ ಹಿರಿಯರೊಬ್ಬರ ಬೆರಳಚ್ಚನ್ನು ಗೊಬ್ಬರ ಮಾರಾಟದ ಯಂತ್ರ ಒಪ್ಪಲಿಲ್ಲ. ಅರವತ್ತು ವರ್ಷ ಮಣ್ಣಿನಲ್ಲಿ ದುಡಿದ ಬೆರಳಿನಲ್ಲಿ ಗೆರೆ ಉಳಿದಿರಲಿಲ್ಲ. ಪಂಚೆಗೆ ಒರೆಸಿ, ಎಂಜಲು ಹಚ್ಚಿ, ಒಂದೊಂದಾಗಿ ಹತ್ತೂ ಬೆರಳು ಒತ್ತಿ ನೋಡಿದರು. ಕಡೆಗೆ ಮೊಮ್ಮಗನನ್ನು ಕರೆಸುವ ಹೊತ್ತಿಗೆ ದಾಸ್ತಾನು ಮುಗಿದಿತ್ತು. ಹೊಲದಲ್ಲಿ ಬುಡದ ಎಲೆಯ ತುದಿಯಿಂದ ನಡುನರದ ಗುಂಟ ಹಳದಿ ಇಳಿಯುತ್ತಿತ್ತು. ಸಾರಜನಕಕ್ಕೆ ಹಸಿದ ಬೆಳೆ ಹಾಗೆಯೇ ಹೇಳಿಕೊಳ್ಳುತ್ತದೆ.

ಆ ಕೊರತೆಯ ಹೊಣೆಯನ್ನೆಲ್ಲ ನಿಮ್ಮ ಮೇಲೆ ಹೊರಿಸುವುದಿಲ್ಲ. ಮೆಕ್ಕೆಜೋಳದ ವಿಸ್ತೀರ್ಣ ಹೆಚ್ಚಿತ್ತು, ನಮ್ಮವರ ಅಂದಾಜು ತಪ್ಪಿತ್ತು, ಕಾಳಸಂತೆಯೂ ಇತ್ತು. ಆದರೆ ಒಂದು ಕಾಲಕ್ಕೆ ನಮಗೆ ಯೂರಿಯಾ ಮತ್ತು ರಂಜಕದ ಗೊಬ್ಬರವಾದ ಡಿಎಪಿ ಮಾರುವ ದೊಡ್ಡ ದೇಶವಾಗಿದ್ದ ನೀವು ಬಾಗಿಲನ್ನು ಓರೆ ಮಾಡಿದ್ದೂ ನಿಜ. 2020ರ ಗಾಲ್ವಾನ್ ಘರ್ಷಣೆಯ ನಂತರ ಎರಡು ದೇಶಗಳೂ ಒಂದರ ಬಾಗಿಲನ್ನು ಇನ್ನೊಂದು ಮುಚ್ಚುತ್ತಾ ಬಂದವು. 2025ರ ಆಗಸ್ಟ್ ಮಧ್ಯದ ನಂತರ ನಿಮ್ಮ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದಾಗ ಗೊಬ್ಬರ, ಅಪರೂಪದ ಖನಿಜ, ಸುರಂಗ ಕೊರೆಯುವ ಯಂತ್ರ ಈ ಮೂರರ ಅಡ್ಡಿ ತೆಗೆಯುವ ಮಾತಾಯಿತೆಂದು ಪತ್ರಿಕೆಗಳಲ್ಲಿ ಓದಿದೆ. ಸಂತೋಷಪಟ್ಟೆ. ಆದರೆ ಮೆಕ್ಕೆಜೋಳ ಆಗಲೇ ಸೂಲಂಗಿ ಒಡೆದಿತ್ತು. ಸುರಂಗದ ಯಂತ್ರ ಎರಡು ತಿಂಗಳು ತಡವಾಗಿ ಬಂದರೆ ಸುರಂಗ ಎರಡು ತಿಂಗಳು ತಡವಾಗುತ್ತದೆ. ಯೂರಿಯಾ ಎರಡು ತಿಂಗಳು ತಡವಾದರೆ ಬೆಳೆ ತಡವಾಗುವುದಿಲ್ಲ, ಆ ವರ್ಷಕ್ಕೆ ಹೋಗಿಯೇ ಬಿಡುತ್ತದೆ. ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ಬರೆದವರಿಗೆ ಇದನ್ನು ತಿಳಿಸಿ.

ಅಮೆರಿಕದ ರಾಯಭಾರಿಗಳೇ, 2025ರ ಆಗಸ್ಟ್‌ನಲ್ಲಿ ನಿಮ್ಮ ದೇಶ ರಷ್ಯಾದ ತೈಲ ಕೊಳ್ಳುತ್ತೇವೆಂಬ ಕಾರಣಕ್ಕೆ ನಮ್ಮ ಸರಕಿನ ಮೇಲೆ ಶೇ 25ರಷ್ಟು ಹೆಚ್ಚುವರಿ ಸುಂಕ ಹಾಕಿ, ಒಟ್ಟು ಹೊರೆಯನ್ನು ಶೇ 50ಕ್ಕೆ ತಂದಿತು. ಮರುತಿಂಗಳು ನಿಮ್ಮ ವಾಣಿಜ್ಯ ಕಾರ್ಯದರ್ಶಿಗಳು 140 ಕೋಟಿ ಜನರಿರುವ ಭಾರತ ಅಮೆರಿಕದ ಒಂದು ಬುಷೆಲ್ ಮೆಕ್ಕೆಜೋಳವನ್ನೂ ಕೊಳ್ಳುವುದಿಲ್ಲವೆಂದು ಆಕ್ಷೇಪಿಸಿದರು. ಒಂದು ಬುಷೆಲ್ ಎಂದರೆ ಸುಮಾರು 25 ಕೆಜಿ, ನಮ್ಮ ಗೊಬ್ಬರದ ಚೀಲದಲ್ಲಿ ಅರ್ಧ. ಅದೇ ಹಂಗಾಮಿನಲ್ಲಿ ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ನಮ್ಮ ಮೆಕ್ಕೆಜೋಳದ ರಾಶಿಗಳು ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆಯೂ ಸಿಗದೆ ಬಿದ್ದಿದ್ದವು. ರಷ್ಯಾದ ತೈಲಕ್ಕೂ ನನ್ನ ಮೆಕ್ಕೆಜೋಳಕ್ಕೂ ಏನು ಸಂಬಂಧ? ನೀವು ಸಂಬಂಧ ಕಲ್ಪಿಸಿದಿರಿ. ಯುದ್ಧ ನಿಲ್ಲಿಸಲು ಎಂದು ಹೇಳಿದ ಒತ್ತಡ, ನಿಮ್ಮ ಕಾಳು ಮಾರುವ ಮಾತುಕತೆಯ ಮೇಜಿಗೂ ಬಂದು ಕುಳಿತಿತು.

ಬೆಲಾರೂಸ್ ಪೊಟ್ಯಾಷ್‌ನ ಕಥೆಯ ಕೊನೆಯೂ ಹಾಗೆಯೇ. 2025ರ ಡಿಸೆಂಬರ್‌ನಲ್ಲಿ ಆ ದೇಶ ನೂರಕ್ಕೂ ಹೆಚ್ಚು ರಾಜಕೀಯ ಕೈದಿಗಳನ್ನು ಬಿಟ್ಟಿತು, ಬದಲಿಗೆ ಪೊಟ್ಯಾಷ್ ಮೇಲಿನ ದಿಗ್ಬಂಧನ ತೆಗೆಯುವುದಾಗಿ ನೀವು ಘೋಷಿಸಿದಿರಿ. ಅನ್ಯಾಯವಾಗಿ ಜೈಲು ಸೇರಿದವರು ಮನೆ ಕಂಡರೆ ನನ್ನಷ್ಟು ಹಿಗ್ಗುವವರಿಲ್ಲ. ಆದರೆ ಹಾಕುವಾಗಲೂ ನಮ್ಮನ್ನು ಕೇಳಲಿಲ್ಲ, ತೆಗೆಯುವಾಗಲೂ ನಮ್ಮ ಲೆಕ್ಕ ಬರಲಿಲ್ಲ. ನಾಲ್ಕು ವರ್ಷ ಆ ಗೊಬ್ಬರ ತಕ್ಕಡಿಯ ಒಂದು ತಟ್ಟೆಯಲ್ಲಿತ್ತು, ಇನ್ನೊಂದು ತಟ್ಟೆಯಲ್ಲಿ ಕೈದಿಗಳಿದ್ದರು. ಒಬ್ಬಳೇ ಬೇಸಾಯ ಮಾಡುವ ಆ ತಾಯಿಯ ಹೊಲ ಯಾವ ತಟ್ಟೆಯಲ್ಲೂ ಇರಲಿಲ್ಲ.

ನೀವೇ ತಯಾರಿಸಿಕೊಳ್ಳಿ ಎಂದು ಕೆಲವರು ನಮಗೆ ಬುದ್ಧಿ ಹೇಳುತ್ತಾರೆ. 1992ರಲ್ಲಿ ಅಮೆರಿಕ ಇಸ್ರೊ ಮೇಲೆ ನಿರ್ಬಂಧ ಹಾಕಿತು, ಮರುವರ್ಷ ರಷ್ಯಾ ರಾಕೆಟ್ಟಿನ ಕ್ರಯೋಜೆನಿಕ್ ಎಂಜಿನ್‌ನ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿಯಿತು. ನಮ್ಮವರು ಹಟ ಹಿಡಿದು ಸ್ವಂತ ಎಂಜಿನ್ ಕಟ್ಟಿ 2014ರ ಜನವರಿಯಲ್ಲಿ ಹಾರಿಸಿದರು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ರನ್‌ವೇ ಮೇಲೆ 2023ರ ಏಪ್ರಿಲ್ 2ರಂದು ಇಸ್ರೊ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಇಳಿಸಿದಾಗ ನಮ್ಮ ಎದೆ ಉಬ್ಬಿತ್ತು. ಎಂಜಿನ್ ಕಟ್ಟಲು ಬುದ್ಧಿ, ಹಣ, ಇಪ್ಪತ್ತು ವರ್ಷದ ತಾಳ್ಮೆ ಸಾಕು. ಗಣಿಯೇ ನಡೆಯದ ಪೊಟ್ಯಾಷ್ ಬರೀ ತಾಳ್ಮೆಯಿಂದ ಈ ಹಂಗಾಮಿನ ಹೊಲಕ್ಕೆ ಬರುವುದಿಲ್ಲ. ಕೊಟ್ಟಿಗೆ ಗೊಬ್ಬರ, ಬೂದಿ, ಹಸಿರೆಲೆ ಎಲ್ಲ ಹಾಕುತ್ತೇವೆ. ದನಗಳೇ ಕಡಿಮೆಯಾಗಿರುವ ಊರಲ್ಲಿ ಅದು ಎಷ್ಟು ಹೊಲಕ್ಕೆ ಸಾಲುತ್ತದೆ?

ಗೊಬ್ಬರ ಎಂಬುದು ನಮ್ಮಲ್ಲಿ ಬರೀ ಸರಕಲ್ಲ ಎಂಬುದನ್ನೂ ನೀವು ತಿಳಿಯಬೇಕು. 1992ರಲ್ಲಿ ಕೇಂದ್ರ ಸರ್ಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದ ವರ್ಷ, ದಾವಣಗೆರೆಯಲ್ಲಿ ಗೊಬ್ಬರದ ಸಬ್ಸಿಡಿಗಾಗಿ ಹೋರಾಡುತ್ತಿದ್ದ ಇಬ್ಬರು ರೈತರು ಗೋಲಿಬಾರಿಗೆ ಬಲಿಯಾದರು. ಆನಗೋಡಿನಲ್ಲಿ ಅವರ ಸ್ಮಾರಕವಿದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೊಡಿ ಎಂದು ಬೀದಿಗಿಳಿದ ರೈತರ ಮೇಲೆ ಗುಂಡು ಹಾರಿತು, ಅಲ್ಲಿಯೂ ಇಬ್ಬರು ಸತ್ತರು. ಗೋದಾಮಿನ ಬಾಗಿಲು ಹಾಕಿದಾಗ ಹೊರಗಿನ ಸಾಲಿನ ಸದ್ದು ಹೇಗೆ ಬದಲಾಗುತ್ತದೆ ಎಂಬುದನ್ನು ನಾನು ಒಳಗಿನಿಂದ ಕೇಳಿದ್ದೇನೆ. ಹಾವೇರಿಯ ನಂತರ ಪ್ರತಿ ಜೂನ್‌ನಲ್ಲೂ ಆ ಭಯ ನನ್ನ ಜೊತೆಗಿರುತ್ತಿತ್ತು.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಇನ್ನು ಮುಂದೆ ಯಾವುದೇ ದೇಶದ ಗೊಬ್ಬರದ ಮೇಲೆ ದಿಗ್ಬಂಧನವನ್ನಾಗಲಿ ರಫ್ತು ತಡೆಯನ್ನಾಗಲಿ ಹಾಕುವುದಾದರೆ, ಅದು ಜಾರಿಗೆ ಬರುವ ಮೊದಲು ಒಂದು ಪೂರ್ತಿ ಬೆಳೆಯ ಅವಧಿಯ ಮುನ್ಸೂಚನೆ ಕೊಡಿ. ನಿಮ್ಮ ರೈತರಿಗೆ ಮೂರು ವರ್ಷ ಕೊಟ್ಟಿದ್ದೀರಿ, ನಮಗೆ ಬಿತ್ತನೆಯಿಂದ ಬಿತ್ತನೆಗೆ ಒಂದು ವರ್ಷ ಕೊಡಿ. ಆಗಲೇ ಒಪ್ಪಂದವಾಗಿ ಹಡಗು ಹತ್ತಿದ ಸರಕನ್ನು ನಡುದಾರಿಯಲ್ಲಿ ತಡೆಯಬೇಡಿ. ವಿನಾಯಿತಿ ಎಂದು ಬರೆಯುವ ಪ್ರತಿ ಆದೇಶದಲ್ಲೂ ಹಣ ದಾಟಿಸಲು ಇಂಥ ಬ್ಯಾಂಕು, ವಿಮೆ ಮಾಡಲು ಇಂಥ ಸಂಸ್ಥೆ, ಇವರ ಮೇಲೆ ಮುಂದೆ ಕ್ರಮವಿಲ್ಲ ಎಂದು ಹೆಸರು ಹಿಡಿದು ಬರೆಯಿರಿ. ಇದು ಆಗದ ಕೆಲಸವಲ್ಲ. 2022ರ ಡಿಸೆಂಬರ್ 9ರಂದು ಭದ್ರತಾ ಮಂಡಳಿ 2664ನೇ ನಿರ್ಣಯದ ಮೂಲಕ, ವಿಶ್ವಸಂಸ್ಥೆಯ ಎಲ್ಲ ಆಸ್ತಿ ಮುಟ್ಟುಗೋಲುಗಳಿಂದ ಮಾನವೀಯ ನೆರವಿನ ಹಣ ಮತ್ತು ಸರಕನ್ನು ಹೊರಗಿಟ್ಟಿದೆ. ಅಮೆರಿಕ, ರಷ್ಯಾ, ಚೀನಾ ಮೂವರೂ ಅದರ ಪರ ಕೈ ಎತ್ತಿದ್ದೀರಿ. ವಿಶ್ವಸಂಸ್ಥೆಯ ದಿಗ್ಬಂಧನಕ್ಕೆ ಒಪ್ಪಿದ ನ್ಯಾಯವನ್ನು ನೀವು ಒಬ್ಬೊಬ್ಬರೇ ಹಾಕುವ ದಿಗ್ಬಂಧನಕ್ಕೂ ಒಪ್ಪಿಕೊಳ್ಳಿ, ಅದರೊಳಗೆ ಗೊಬ್ಬರವನ್ನೂ ಸೇರಿಸಿ.

ಈ ಪತ್ರದ ಪ್ರತಿ ತಲುಪುವ ನಮ್ಮ ವಿದೇಶಾಂಗ ಸಚಿವರಲ್ಲಿ ಎರಡು ಮಾತು ಹೇಳಬೇಕು. ಮಾನ್ಯ ಸಚಿವರೇ, ಆ ನಿರ್ಣಯಕ್ಕೆ ಮಂಡಳಿಯ 15 ಸದಸ್ಯರಲ್ಲಿ 14 ಮಂದಿ ಮತ ಹಾಕಿದರು, ತಟಸ್ಥವಾಗಿ ಉಳಿದ ಒಂದೇ ದೇಶ ಭಾರತ. ವಿನಾಯಿತಿಯನ್ನು ಭಯೋತ್ಪಾದಕರು ದುರುಪಯೋಗ ಮಾಡಿಕೊಂಡಾರು ಎಂಬ ನಿಮ್ಮ ಆತಂಕ ಸುಳ್ಳಲ್ಲ, ನಾವು ಆ ಪೆಟ್ಟು ತಿಂದವರು. ಆದರೂ ಕೊನೆಭಾಗದ ರೈತರ ದೇಶ ಅಂದು ಸುಮ್ಮನಿದ್ದದ್ದು ನನಗೆ ಸರಿ ಕಾಣಲಿಲ್ಲ. ಗೊಬ್ಬರದ ವಿಷಯ ಮುಂದೆ ಎಲ್ಲಿಯೇ ಬರಲಿ, ಭಾರತ ಮೊದಲು ಮಾತಾಡುವ ದೇಶವಾಗಬೇಕು. 2022ರಲ್ಲಿ ಜಗತ್ತಿನ ಬೆಲೆ ಗಗನಕ್ಕೇರಿದಾಗಲೂ ಡಿಎಪಿ ಚೀಲವನ್ನು 1,350 ರೂಪಾಯಿಗೆ ಹಿಡಿದು ನಿಲ್ಲಿಸಿ, ಆ ವರ್ಷ 2 ಲಕ್ಷ ಕೋಟಿ ರೂಪಾಯಿಗೂ ಮೀರಿ ಸಬ್ಸಿಡಿ ಹೊತ್ತ ಸರ್ಕಾರಕ್ಕೆ ನಾನು ಕೃತಜ್ಞ. ಹಣದ ಜೊತೆಗೆ ನಮಗೆ ಮಾಹಿತಿಯೂ ಬೇಕು. ಯಾವ ದೇಶದಿಂದ ಎಷ್ಟು ಟನ್ ಬರಬೇಕಿದೆ, ಎಷ್ಟು ಬಂದರಿಗೆ ಬಂದಿದೆ, ಯಾವುದು ಯಾವ ಜಗಳದಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಪ್ರತಿ ವರ್ಷ ಯುಗಾದಿಯೊಳಗೆ ಜಿಲ್ಲಾವಾರು ಪ್ರಕಟಿಸಿ. ಪೊಟ್ಯಾಷ್ ಬರುವುದಿಲ್ಲವೆಂದು ಮೊದಲೇ ತಿಳಿದರೆ ನಾವು ಮೆಕ್ಕೆಜೋಳ ಕಡಿಮೆ ಮಾಡಿ ತೊಗರಿಯನ್ನೋ ರಾಗಿಯನ್ನೋ ಬಿತ್ತುತ್ತೇವೆ. ಗೊಬ್ಬರದ ಕೊರತೆಯೇ ಇಲ್ಲ ಎಂದು ಜುಲೈನಲ್ಲಿ ಹೇಳಿಕೆ ಕೊಡುವುದರಿಂದ ಸಾಲಿನಲ್ಲಿ ನಿಂತವನಿಗೆ ಆಗುವ ಅವಮಾನವನ್ನು ನಾನು ವಿವರಿಸಲಾರೆ.

ನಿಮ್ಮಲ್ಲಿ ಯಾರಾದರೂ ಒಬ್ಬರು ದೆಹಲಿಯಿಂದ ಬರುವುದಾದರೆ ದಾವಣಗೆರೆಯ ಗೂಡ್ಸ್ ಶೆಡ್‌ನಿಂದ ನಮ್ಮೂರಿನ ಗೋದಾಮಿನವರೆಗೆ ನಾನೇ ಕರೆದೊಯ್ಯುತ್ತೇನೆ. ಆ ತಾಯಿ ಈಗಲೂ ಬೇಸಾಯ ಮಾಡುತ್ತಿದ್ದಾಳೆ. ಯಾರ ಜಗಳ ಎಂದು ಅವಳು ಕೇಳಿದ ಪ್ರಶ್ನೆಗೆ ನಾನು ಅಂದು ಉತ್ತರ ಕೊಡಲಿಲ್ಲ, ಅದನ್ನು ನೀವು ಅವಳ ಮುಂದೆ ನಿಂತು ಕೊಡಬೇಕು. ರೋಹಿಣಿ ಮಳೆ ಮೇ 25ರ ಹೊತ್ತಿಗೆ ಹೂಡುತ್ತದೆ. ಅದಕ್ಕೂ ಮೊದಲು ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಮೆಕ್ಕೆಜೋಳದ ರೈತ ಮತ್ತು ಸಹಕಾರ ಸಂಘದ ನಿವೃತ್ತ ಕಾರ್ಯದರ್ಶಿ,
ದಾವಣಗೆರೆ ತಾಲ್ಲೂಕು